ಸುಣ್ಣ ಕಂಡ ಗೋಡೆ, ಸುಣ್ಣ ಕಾಣದ ಗೋಡೆ

ನಾವು ಕೊಂಡ ಮನೆ ಮರದ ದಿಮ್ಮಿಗಳಿಂದ ಕಟ್ಟಿದ್ದು ಎಂದು ಹೊರಗಿನಿಂದ ನೋಡಿದವರಿಗೆ ತಿಳಿಯುವಂತಿರಲಿಲ್ಲ, ಒಳಗೆ ಬಂದವರಿಗೂ ಅಷ್ಟೇ. ಪೆನ್ಸಿಲ್ವೇನಿಯಾದ ಲ್ಯಾಂಕಸ್ಟರ್ ಕೌಂಟಿಯ ಉತ್ತರ ತುದಿಯಲ್ಲಿ, ಮುಸುಕಿನ ಜೋಳದ ಹೊಲಗಳ ಪಕ್ಕ, ಇಳಿಜಾರಿನಲ್ಲಿ ನಿಂತ ಎರಡಂತಸ್ತಿನ ಮನೆ ಅದು. ಹೊರಮೈಗೆ ಬಿಳಿಯ ಅಲ್ಯೂಮಿನಿಯಂ ಪಟ್ಟಿ. ಒಳಗೆ ನಡುಮನೆಗೆ ಕಂದು ಪ್ಲೈವುಡ್, ತಲೆಯ ಮೇಲೆ ಕೈಗೆಟಕುವ ಫಾಲ್ಸ್ ಸೀಲಿಂಗ್, ಮಹಡಿಯ ಕೋಣೆಗಳಿಗೆ ಹೂಬಳ್ಳಿಯ ವಾಲ್‌ಪೇಪರ್. ನಿಜ ಹೇಳಿದ್ದು ಕಿಟಕಿಗಳು. ಕಿಟಕಿಯ ಅಡಿಹಲಗೆಯ ಮೇಲೆ ಹೂಕುಂಡವನ್ನಿಟ್ಟು ಅದರ ಮುಂದೆ ಪುಸ್ತಕವನ್ನೂ ತೆರೆದಿಡುವಷ್ಟು ಜಾಗವಿತ್ತು. ಇಲ್ಲಿನ ಮಾಮೂಲಿ ಮನೆಗಳು ಕಿರುಗಾತ್ರದ ಮರದ ಕಂಬಗಳ ನಡುವೆ ಟೊಳ್ಳು ಬಿಟ್ಟು ಕಟ್ಟಿದಂಥವು. ಅವುಗಳ ಗೋಡೆ ಒಂದು ಗೇಣು ದಪ್ಪವೂ ಇರುವುದಿಲ್ಲ. ಇಲ್ಲಿ ಒಂದಡಿಯ ಹತ್ತಿರ. ಆ ಬಿಳಿ ಪಟ್ಟಿಗೂ ಆ ಕಂದು ಹಲಗೆಗೂ ನಡುವೆ ಏನೋ ಇದೆ ಎಂದು ನನಗೆ ಆಗಲೇ ಅನ್ನಿಸಿತ್ತು.

ನಾನು ಬೆಳೆದದ್ದು ತೀರ್ಥಹಳ್ಳಿ ಕಡೆಯ ಮರದ ಮನೆಯಲ್ಲಿ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಹಾಕಲು ಬಾರದಂತಾಗುವುದು, ಬೇಸಗೆಯ ರಾತ್ರಿ ಅಟ್ಟದ ಜಂತೆ ಟಕ್ಕೆಂದು ಸದ್ದು ಮಾಡುವುದು, ಇವೆಲ್ಲ ನನಗೆ ಹೊಸದಲ್ಲ. ಬಹುಶಃ ಅದಕ್ಕೇ ಈ ಮನೆಯನ್ನು ಕೊಳ್ಳಲು ಹೆದರಲಿಲ್ಲ. ನಮ್ಮನೆಯವರು ಮೈಸೂರಿನ ಇಟ್ಟಿಗೆ ಮನೆಯಲ್ಲಿ ಹುಟ್ಟಿದವರು. ಆದರೂ ದಿಮ್ಮಿಯ ಮನೆ ಎಂಬ ಮಾತು ಕೇಳಿದ ಕೂಡಲೇ ಅವರಿಗೆ ನನಗಿಂತ ಹೆಚ್ಚು ಉತ್ಸಾಹ ಬಂತು.

ಒಳಗಿನ ಕೆಲಸ ಶುರುವಾದದ್ದು ಫಾಲ್ಸ್ ಸೀಲಿಂಗ್ ಇಳಿಸುವುದರಿಂದ. ಅದರ ಮೇಲೆ ಒಂದಡಿಗೂ ಹೆಚ್ಚು ಎತ್ತರದಲ್ಲಿ ಮನೆಯ ನಿಜವಾದ ಮಾಳಿಗೆ ಇತ್ತು. ಕೈಯಲ್ಲಿ ಕೆತ್ತಿದ ಜಂತೆಗಳ ಸಾಲು, ಅವುಗಳನ್ನೆಲ್ಲ ಹೊತ್ತು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಹೋದ ಒಂದು ದೊಡ್ಡ ತೊಲೆ. ತೊಲೆಯ ಕೆಳ ಅಂಚುಗಳನ್ನು ಉಳಿಯಿಂದ ಓರೆಯಾಗಿ ಸವರಿ, ತುದಿಯಲ್ಲಿ ಸಣ್ಣ ಬಾಗು ಕೊಟ್ಟು ನಿಲ್ಲಿಸಿದ್ದರು. ಮಾಳಿಗೆಯನ್ನು ಹೊರುವುದಕ್ಕೆ ಆ ಬಾಗು ಬೇಕಿಲ್ಲ. ನೋಡುವವರಿಗಾಗಿ ಮಾಡಿದ್ದು. ಇಷ್ಟು ವರ್ಷ ಅದನ್ನು ಯಾರೂ ನೋಡದಂತೆ ಮಾಡಿದ್ದರಲ್ಲ ಎಂದು ನನಗೆ ಸಂಕಟವಾಯಿತು.

ಪ್ಲೈವುಡ್ ತೆಗೆದರೆ ಜಿಪ್ಸಮ್ ಬೋರ್ಡ್, ಅದರ ಹಿಂದೆ ವಾಲ್‌ಪೇಪರಿನ ಪದರಗಳು, ಅದರ ಹಿಂದೆ ಸುಣ್ಣದ ಗಿಲಾವು, ಗಿಲಾವಿನ ಹಿಂದೆ ಅದನ್ನು ಹಿಡಿದಿಟ್ಟ ಮರದ ರೀಪುಗಳು, ರೀಪುಗಳ ಹಿಂದೆ ದಿಮ್ಮಿ. ಬಿಚ್ಚುವ ಮೊದಲು ಬಣ್ಣದ ಚೂರುಗಳನ್ನು ಸೀಸದ ಪರೀಕ್ಷೆಗೆ ಕಳಿಸಿದ್ದೆವು. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಿಯುವುದನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕಿಂತ ಹಳೆಯ ಮನೆಯಲ್ಲಿ ಬಣ್ಣ ಕೆರೆದರೆ ಏಳುವ ಧೂಳು ಮಕ್ಕಳ ಮಿದುಳಿಗೆ ವಿಷ. ನಮ್ಮ ಇಬ್ಬರು ಮಕ್ಕಳೂ ಆಗ ಚಿಕ್ಕವರು. ಕಿಟಕಿ ಬಾಗಿಲುಗಳ ಬಣ್ಣದಲ್ಲಿ ಸೀಸ ಇದೆ ಎಂದು ವರದಿ ಬಂದ ಮೇಲೆ ಅವರನ್ನು ಬಾಡಿಗೆ ಮನೆಯಲ್ಲೇ ಇರಿಸಿ, ಆ ಕೆಲಸವನ್ನು ತರಬೇತಿ ಪಡೆದವರಿಂದಲೇ ಮಾಡಿಸಿದೆವು.

ಮನೆಯ ವಯಸ್ಸನ್ನು ಮೊದಲು ಹೇಳಿದ್ದು ಮೊಳೆಗಳು. ಮರದ ಕೆಲಸಕ್ಕೆ ಬಂದವರು ಅಮಿಶ್ ಪಂಥದ ಒಬ್ಬ ವಯಸ್ಸಾದ ಬಡಗಿ. ಅಮಿಶರು ಸ್ವಂತ ಕಾರು ಇಟ್ಟುಕೊಳ್ಳುವುದಿಲ್ಲ. ಬೇರೆಯವರು ಓಡಿಸುವ ವ್ಯಾನಿನಲ್ಲಿ ಮಗನನ್ನು ಕರೆದುಕೊಂಡು ಬೆಳಗಿನ ಜಾವವೇ ಬಂದಿಳಿಯುತ್ತಿದ್ದರು. ಕಿತ್ತ ಮೊಳೆಗಳನ್ನು ಎಸೆಯಲು ಬಿಡದೆ, ಯಾವ ಗೋಡೆಯಿಂದ ಬಂದದ್ದು ಎಂದು ಬರೆದ ಡಬ್ಬಿಗಳಲ್ಲಿ ಹಾಕಿಸಿದರು. ಒಂದು ಸಂಜೆ ಡಬ್ಬಿಗಳನ್ನು ಮೇಜಿನ ಮೇಲೆ ಸುರಿದು ತೋರಿಸಿದರು. ಕಮ್ಮಾರ ಒಂದೊಂದಾಗಿ ಬಡಿದ ಮೊಳೆಗೆ ನಾಲ್ಕೂ ಬದಿ ತುದಿಯತ್ತ ಸಣ್ಣದಾಗುತ್ತಾ ಹೋಗುತ್ತದೆ, ತಲೆಯ ಮೇಲೆ ಸುತ್ತಿಗೆಯ ಏಟುಗಳ ಚಪ್ಪಟೆ ಗುರುತುಗಳಿರುತ್ತವೆ. ಕಬ್ಬಿಣದ ತಗಡಿನಿಂದ ಯಂತ್ರ ಕತ್ತರಿಸಿದ ಮೊಳೆಗೆ ಎರಡು ಬದಿ ಮಾತ್ರ ಓರೆ, ಉಳಿದೆರಡು ಸಮ. ಅಂಥವು ಬಳಕೆಗೆ ಬಂದದ್ದು 1790ರ ದಶಕದ ನಂತರ. ಈಗ ನಾವೆಲ್ಲ ಬಳಸುವ ದುಂಡನೆಯ ತಂತಿ ಮೊಳೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಎಲ್ಲೆಡೆ ಹರಡಿತು. ನಮ್ಮ ಮಹಡಿ ಮೆಟ್ಟಿಲಿನ ಬಾಗಿಲಲ್ಲಿದ್ದದ್ದು ಕಮ್ಮಾರನ ಮೊಳೆ. ಹಿಂಬದಿಗೆ ಸೇರಿಸಿದ ಅಡುಗೆಕೋಣೆಯಲ್ಲಿ ತಂತಿ ಮೊಳೆ. ನಡುವಿನ ಕೆಲವು ರೀಪುಗಳಿಗೆ ಯಂತ್ರ ಕತ್ತರಿಸಿದ್ದು. ಹೀಗೆ ಯಾವ ಗೋಡೆ ಮೊದಲು, ಯಾವುದು ಆಮೇಲೆ ಎಂಬುದರ ಅಂದಾಜು ಆ ಮೇಜಿನ ಮೇಲೆಯೇ ಸಿಕ್ಕಿತು.

ಇನ್ನಷ್ಟು ತಿಳಿದದ್ದು ತೆರಿಗೆ ದಾಖಲೆಯಿಂದ. ಫ್ರಾನ್ಸಿನ ಜೊತೆ ಯುದ್ಧವಾಗಬಹುದೆಂಬ ಆತಂಕದಲ್ಲಿ ಅಮೆರಿಕದ ಸರ್ಕಾರ 1798ರಲ್ಲಿ 20 ಲಕ್ಷ ಡಾಲರಿನ ನೇರ ತೆರಿಗೆ ಹಾಕಿತು. ಅಳತೆಗಾರರು ಊರೂರು ತಿರುಗಿ, ಮನೆ ಕಲ್ಲಿನದೋ ದಿಮ್ಮಿಯದೋ, ಉದ್ದಗಲ ಎಷ್ಟು, ಎಷ್ಟಂತಸ್ತು, ಎಷ್ಟು ಕಿಟಕಿ, ಕಿಟಕಿಗೆ ಎಷ್ಟು ಗಾಜು ಎಂದು ಬರೆದುಕೊಂಡರು. ಪೂರ್ವ ಪೆನ್ಸಿಲ್ವೇನಿಯಾದ ಜರ್ಮನ್ ರೈತರಿಗೆ ಇದು ಸಹಿಸಲಾಗಲಿಲ್ಲ. ಗಾಜು ಎಣಿಸಲು ಬಂದವರ ತಲೆಯ ಮೇಲೆ ಹೆಂಗಸರು ಮಹಡಿಯ ಕಿಟಕಿಯಿಂದ ಬಿಸಿನೀರು ಸುರಿದರು. ಗಂಡಸರನ್ನು ಸೇರಿಸಿಕೊಂಡು ತೆರಿಗೆಯ ವಿರುದ್ಧ ನಿಂತ ಜಾನ್ ಫ್ರೈಸ್ ಎಂಬಾತನಿಗೆ ರಾಜದ್ರೋಹದ ಹೆಸರಿನಲ್ಲಿ ಗಲ್ಲುಶಿಕ್ಷೆಯಾಯಿತು. 1800ರಲ್ಲಿ ಅಧ್ಯಕ್ಷ ಜಾನ್ ಆಡಮ್ಸ್ ಅವನನ್ನು ಕ್ಷಮಿಸಿದರು. ಆ ಪಟ್ಟಿಗಳು ಈಗಲೂ ಓದಲು ಸಿಗುತ್ತವೆ. ಹಳೆಯ ಜಮೀನು ಪತ್ರಗಳಲ್ಲಿ ಸಿಕ್ಕ ಮಾಲೀಕನ ಹೆಸರು ಹಿಡಿದು ಹುಡುಕಿದಾಗ ನಮ್ಮ ಮನೆಯ ಸಾಲು ಕಂಡಿತು. ದಿಮ್ಮಿಯ ಮನೆ, ಎರಡಂತಸ್ತು, ಆಮೇಲೆ ಉದ್ದಗಲದ ಅಂಕಿಗಳು. ಟೇಪು ಹಿಡಿದು ಅಳೆದೆ. ಹಿಂದಿನ ಅಡುಗೆಕೋಣೆಯನ್ನು ಬಿಟ್ಟರೆ ಅಳತೆ ಸರಿಯಾಗಿ ಕೂಡಿತು. ಕಿಟಕಿಗಳ ಲೆಕ್ಕ ಮಾತ್ರ ಒಂದು ಹೆಚ್ಚಿತ್ತು. ಆಮೇಲೆ ಪಶ್ಚಿಮ ಗೋಡೆಯ ರೀಪು ಬಿಚ್ಚಿದಾಗ ದಿಮ್ಮಿಗಳ ನಡುವೆ ಹಲಗೆಯಿಂದ ಮುಚ್ಚಿದ ಕಿಟಕಿಯ ಚೌಕಟ್ಟು ಇತ್ತು. ಪಟ್ಟಿಯಲ್ಲಿ ಎಣಿಸಿದ ಆ ಕಿಟಕಿಯನ್ನು ಮತ್ತೆ ತೆರೆಸಿದೆವು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಅದು.

ನಮ್ಮಲ್ಲಿ ವಾದ ಹುಟ್ಟಿದ್ದು ಗಿಲಾವಿನ ವಿಷಯಕ್ಕೆ. ನಮ್ಮನೆಯವರು, ಎಲ್ಲ ಗಿಲಾವು ಕೆಡವಿ ಎಲ್ಲ ಗೋಡೆಗಳಲ್ಲೂ ದಿಮ್ಮಿ ಕಾಣುವಂತೆ ಮಾಡೋಣ ಎಂದರು. "ದಿಮ್ಮಿಯ ಮನೆ ತಗೊಂಡಿದ್ದು ದಿಮ್ಮಿ ನೋಡೋಕೆ ತಾನೆ?" ಅವರ ಮಾತು ತೆಗೆದುಹಾಕುವಂಥದ್ದಾಗಿರಲಿಲ್ಲ. ಇಲ್ಲಿ ನೋಡಲು ಬಂದ ಬಹುಪಾಲು ಜನರೂ ಅದನ್ನೇ ಹೇಳುತ್ತಿದ್ದರು. ಬೆತ್ತಲೆ ದಿಮ್ಮಿಯ ಮೇಲೆ ಈ ದೇಶಕ್ಕೆ ಹಳೆಯ ಪ್ರೀತಿ. 1840ರ ಅಧ್ಯಕ್ಷ ಚುನಾವಣೆಯಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ಅವರನ್ನು ದಿಮ್ಮಿಯ ಗುಡಿಸಲಿನ ಮನುಷ್ಯ ಎಂದು ಮೆರೆಸಿ ಗೆಲ್ಲಿಸಿದರು. ಅವರು ಹುಟ್ಟಿದ್ದು ವರ್ಜೀನಿಯಾದ ದೊಡ್ಡ ಇಟ್ಟಿಗೆ ಬಂಗಲೆಯಲ್ಲಿ. ಕೆಂಟಕಿಯಲ್ಲಿ ಲಿಂಕನ್ ಹುಟ್ಟಿದ ಗುಡಿಸಲು ಎಂದು ಕಲ್ಲಿನ ಸ್ಮಾರಕದೊಳಗೆ ಇಟ್ಟು ಕಾಪಾಡಿದ ದಿಮ್ಮಿಗಳ ಉಂಗುರಗಳನ್ನು 2004ರಲ್ಲಿ ಪರೀಕ್ಷಿಸಿದಾಗ ಅವು 1840ರ ದಶಕದವು ಎಂದು ತಿಳಿಯಿತು. ಲಿಂಕನ್ ಹುಟ್ಟಿದ್ದು 1809ರಲ್ಲಿ. ದಿಮ್ಮಿ ಕಂಡರೆ ಬಡತನ, ದುಡಿಮೆ, ಪ್ರಾಮಾಣಿಕತೆ ಎಲ್ಲ ಒಟ್ಟಿಗೆ ನೆನಪಾಗುವ ಹಾಗೆ ಇಲ್ಲಿನವರ ಮನಸ್ಸು ಕಟ್ಟಿಕೊಂಡಿದೆ.

ಆದರೆ ಆ ಮನೆಗಳಲ್ಲಿ ಬಾಳಿದವರು ಹಾಗೆ ಯೋಚಿಸಲಿಲ್ಲ. ಕೈಗೆ ನಾಲ್ಕು ಕಾಸು ಬಂದ ಕೂಡಲೇ ಅವರು ಹೊರಗೆ ಹಲಗೆ ಹೊಡೆಸಿದರು, ಒಳಗೆ ಗಿಲಾವು ಹಾಕಿಸಿದರು. ಗಾಳಿ ನಿಂತಿತು, ಧೂಳು ಉದುರುವುದು ನಿಂತಿತು, ದೀಪದ ಬೆಳಕು ಬಿಳಿ ಗೋಡೆಗೆ ಬಿದ್ದು ಕೋಣೆಯೆಲ್ಲ ಹರಡಿತು. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆ ಹಳೆಯ ಕಟ್ಟಡಗಳ ಬಗ್ಗೆ ಕಿರುಪುಸ್ತಕಗಳನ್ನು ಹೊರತರುತ್ತದೆ. 1991ರಲ್ಲಿ ಬಂದ 26ನೆಯದು ದಿಮ್ಮಿಯ ಕಟ್ಟಡಗಳ ಕುರಿತದ್ದು. ಹಳೆಯ ಹೊದಿಕೆಯನ್ನು ಕಿತ್ತು ದಿಮ್ಮಿಯನ್ನು ಬರಿದು ಮಾಡುವ ಮೊದಲು ನೂರು ಸಲ ಯೋಚಿಸಿ ಎಂಬುದು ಅದರ ಧೋರಣೆ. ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಗಿಲಾವು ಹಾಕಿದ ಕೈಯೂ ಕೈಯೇ ಅಲ್ಲವೇ? ಕೊಡಲಿ ಹಿಡಿದವನ ಕೆಲಸ ಮಾತ್ರ ಮನೆ, ಕರಣೆ ಹಿಡಿದವನದ್ದು ಮುಸುಕು ಎಂದು ತೀರ್ಪು ಕೊಡಲು ನಾವು ಯಾರು?

ಈ ಜಗಳವನ್ನು ಬಗೆಹರಿಸಿದ್ದು ಬಡಗಿ ಹಿರಿಯರು. ನಮ್ಮಿಬ್ಬರ ಮಾತನ್ನೂ ಕೇಳಿಸಿಕೊಂಡು, "ಮನೆಯನ್ನೇ ಕೇಳೋಣ" ಎಂದರು. ಅಷ್ಟೇ ಹೇಳಿ, ಪ್ರತಿ ಕೋಣೆಯಲ್ಲೂ ಗಿಲಾವು ಆಗಲೇ ಉದುರಿದ್ದ ಕಡೆ ಕೈ ಹೋಗುವಷ್ಟು ಜಾಗ ಮಾಡಿಕೊಂಡು, ಟಾರ್ಚು ಬಿಟ್ಟು ದಿಮ್ಮಿಯ ಮೈಯನ್ನು ನೋಡುತ್ತಾ ಹೋದರು.

ಜರ್ಮನಿಯಿಂದ ಬಂದವರು ಇಲ್ಲಿ ಕಟ್ಟಿದ ಮನೆಗಳಿಗೆ ಒಂದು ಪದ್ಧತಿಯಿತ್ತು. ನಡುವೆ ದೊಡ್ಡ ಚಿಮಣಿ. ಅದರ ಒಂದು ಬದಿಗೆ ಉದ್ದದ ಅಡುಗೆಮನೆ, ಅಲ್ಲಿ ತೆರೆದ ಅಗ್ಗಿಷ್ಟಿಕೆ. ಇನ್ನೊಂದು ಬದಿಗೆ ಮನೆಯವರು ಕೂರುವ, ಉಣ್ಣುವ, ಪ್ರಾರ್ಥನೆ ಮಾಡುವ ಸ್ಟೂಬ ಎಂಬ ಕೋಣೆ. ಅದರ ಹಿಂದೆ ಮಲಗಲು ಸಣ್ಣ ಕಾಮರ್. ಸ್ಟೂಬಕ್ಕೆ ಅಗ್ಗಿಷ್ಟಿಕೆ ಇಲ್ಲ. ಎರಕದ ಕಬ್ಬಿಣದ ಐದು ಹಲಗೆಗಳನ್ನು ಕೂಡಿಸಿ ಮಾಡಿದ ಪೆಟ್ಟಿಗೆಯೊಂದು ಗೋಡೆಗೆ ಅಂಟಿಕೊಂಡಿರುತ್ತದೆ. ಅದರ ಬಾಯಿ ಅಡುಗೆಮನೆಯ ಅಗ್ಗಿಷ್ಟಿಕೆಯ ಹಿಂಗೋಡೆಯಲ್ಲಿ. ಕೆಂಡ ಅಡುಗೆಮನೆಯಿಂದ ಹಾಕುವುದು, ಹೊಗೆಯೂ ಅಡುಗೆಮನೆಗೇ ಮರಳುವುದು, ಕಾವು ಮಾತ್ರ ಸ್ಟೂಬಕ್ಕೆ. ನಮ್ಮ ಚಿಮಣಿಯ ಹಿಂಬದಿಯಲ್ಲಿ ಇಟ್ಟಿಗೆ ತುಂಬಿ ಮುಚ್ಚಿದ ಆ ಬಾಯಿ ಸಿಕ್ಕಿತು.

ಅಡುಗೆಮನೆಯ ರೀಪುಗಳ ಹಿಂದೆ ದಿಮ್ಮಿಗಳಿಗೆ ಸುಣ್ಣ ಬಳಿದಿತ್ತು. ಬಡಗಿ ಹಿರಿಯರು ಚೂಪಾದ ಬ್ಲೇಡನ್ನು ಓರೆಯಾಗಿ ಹಿಡಿದು, ಕಾಸಿನಗಲದ ಜಾಗವನ್ನು ನಯವಾಗಿ ಕೆರೆದರು. ಬಿಳಿ, ಬೂದು, ಬಿಳಿ, ಬೂದು ಎಂದು ಒಂದರೊಳಗೊಂದು ಉಂಗುರಗಳು ತೆರೆದುಕೊಂಡವು. ಬಿಳಿಯದು ಸುಣ್ಣ, ಬೂದು ಬಣ್ಣದ್ದು ಆ ಸುಣ್ಣದ ಮೇಲೆ ಕೂತ ಹೊಗೆ. ಲೆನ್ಸ್ ಹಿಡಿದು ನೋಡಿದರೆ ಹನ್ನೆರಡೋ ಹದಿಮೂರೋ ಪದರ. ಆ ಮನೆಯ ಹೆಂಗಸರು ವರ್ಷ ವರ್ಷ ಹೊಗೆ ಹಿಡಿದ ದಿಮ್ಮಿಗೆ ಸುಣ್ಣ ಬಳಿದಿದ್ದಾರೆ. ನಮ್ಮೂರಿನಲ್ಲಿ ದೀಪಾವಳಿಗೆ ಮೊದಲು ಅಮ್ಮ ಸುಣ್ಣದ ಬಾಲ್ದಿ ಹಿಡಿದು ಅಡುಗೆಮನೆಗೆ ಹೋಗುತ್ತಿದ್ದದ್ದು ನೆನಪಾಗಿ ನಾನು ಆ ಕಾಸಗಲದ ಜಾಗದ ಮುಂದೆ ಬಹಳ ಹೊತ್ತು ಕೂತಿದ್ದೆ. ಗಿಲಾವು ಅಲ್ಲಿಗೆ ಬಂದದ್ದು ಎಷ್ಟೋ ಕಾಲದ ಮೇಲೆ; ರೀಪಿಗಿದ್ದದ್ದು ಯಂತ್ರ ಕತ್ತರಿಸಿದ ಮೊಳೆ.

ಸ್ಟೂಬದ ದಿಮ್ಮಿಯ ಮೇಲೆ ಸುಣ್ಣದ ಒಂದು ಗೆರೆಯೂ ಇರಲಿಲ್ಲ. ಹೊಗೆಯ ಕಲೆಯೂ ಇಲ್ಲ. ಕೊಡಲಿ ಬಿಟ್ಟ ಗಾಯ ನಿನ್ನೆಯದೆಂಬಷ್ಟು ಹೊಸದಾಗಿತ್ತು. ರೀಪುಗಳು ಗರಗಸದಿಂದ ಕೊಯ್ದದ್ದಲ್ಲ, ಓಕ್ ಮರವನ್ನು ಎಳೆಯುದ್ದಕ್ಕೆ ಸೀಳಿ ತೆಗೆದದ್ದು, ಮೊಳೆ ಕಮ್ಮಾರನದು. ಅಂದರೆ ಆ ಕೋಣೆಯ ದಿಮ್ಮಿಯನ್ನು ಒಳಗೆ ಕೂತ ಯಾರೂ ಯಾವ ಕಾಲಕ್ಕೂ ನೋಡಿಲ್ಲ. ಕಟ್ಟಿದಾಗಲೇ ಅದಕ್ಕೆ ಗಿಲಾವು ಹಾಕಿದ್ದರು.

ಇಷ್ಟು ಕಂಡ ಮೇಲೆ ವಾದಕ್ಕೆ ಜಾಗ ಉಳಿಯಲಿಲ್ಲ. ಹಳೆಯ ಅಡುಗೆಮನೆಯ ಗಿಲಾವನ್ನು ತೆಗೆದು ದಿಮ್ಮಿಗೆ ಮತ್ತೆ ಸುಣ್ಣ ಬಳಿಯುವುದು, ಸ್ಟೂಬದ ಗಿಲಾವನ್ನು ಒಂದು ಹಿಡಿಯೂ ಕೆಡವದೆ ಉಳಿಸುವುದು ಎಂದು ಆಯಿತು. ಅಡುಗೆಮನೆಯ ದಿಮ್ಮಿಗೆ ಉಜ್ಜುಕಾಗದ ಮುಟ್ಟಿಸಲಿಲ್ಲ, ವಾರ್ನಿಷ್ ಹಚ್ಚಲಿಲ್ಲ. ಹೊಳೆಯುವ ಜೇನುಬಣ್ಣದ ದಿಮ್ಮಿ ಅಂಗಡಿಯ ಚಿತ್ರಗಳಲ್ಲಿ ಚಂದ; ಆ ಮನೆಯಲ್ಲಿ ಅದು ಎಂದೂ ಇರಲಿಲ್ಲ.

ಸ್ಟೂಬದ ಗಿಲಾವನ್ನು ಉಳಿಸುವುದು ಕೆಡವುವುದಕ್ಕಿಂತ ನಿಧಾನದ ಕೆಲಸ. ಗಿಲಾವು ಹಸಿಯಾಗಿದ್ದಾಗ ರೀಪುಗಳ ಸಂದಿನಿಂದ ಹಿಂದಕ್ಕೆ ಇಳಿದು, ಕೊಕ್ಕೆಯಂತೆ ಬಾಗಿ ಗಟ್ಟಿಯಾಗಿರುತ್ತದೆ. ಆ ಕೊಕ್ಕೆಗಳೇ ಅದನ್ನು ಹಿಡಿದಿರುವುದು. ಕೊಕ್ಕೆ ಮುರಿದ ಕಡೆ ಗೋಡೆ ನೋಡಲು ಸರಿಯಿದ್ದರೂ ಬೆರಳ ಗಿಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು. ನಾನೂ ನಮ್ಮನೆಯವರೂ ಸಂಜೆಯ ಹೊತ್ತು ಗೋಡೆ ತಟ್ಟುತ್ತಾ, ಟೊಳ್ಳು ಕೇಳಿದ ಕಡೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದೆವು. ಅಂಥ ಕಡೆ ತೂತುಗಳಿರುವ ತೆಳು ತಗಡಿನ ಬಿಲ್ಲೆಯನ್ನು ಸ್ಕ್ರೂ ಹಾಕಿ ಬಿಗಿದು, ಗಿಲಾವನ್ನು ಮೆಲ್ಲಗೆ ರೀಪಿಗೆ ಒತ್ತಿಕೊಳ್ಳುವಂತೆ ಮಾಡಿ, ಮೇಲೆ ಹೊಸ ಸುಣ್ಣದ ಪದರ ಸವರಬೇಕು. ಬಿಲ್ಲೆ ಒಂದು ಸುತ್ತು ಹೆಚ್ಚು ಬಿಗಿಯಾದರೆ ಗಿಲಾವೇ ಒಡೆಯುತ್ತದೆ. ಹಳೆಯ ಗಿಲಾವಿನ ಒಡೆದ ಅಂಚಿನಲ್ಲಿ ದನದ ಕೂದಲು ಇಣುಕುತ್ತಿತ್ತು, ಕೆಂಪು ಕೂದಲು. ಬಿರುಕು ಬಿಡದಿರಲೆಂದು ಕಲಸಿದ್ದು.

ಆ ವರ್ಷ ಅಪ್ಪಯ್ಯ ಊರಿನಿಂದ ಬಂದಿದ್ದರು. ಹೊಲಿಗೆಯ ದಬ್ಬಳವೊಂದನ್ನು ನನ್ನಿಂದ ಇಸಿದುಕೊಂಡು ಮನೆಯ ಮೂಲೆ ಮೂಲೆಯ ದಿಮ್ಮಿಗೆ ಚುಚ್ಚಿ ನೋಡಿದರು. ದಿಮ್ಮಿಗಳೆಲ್ಲ ಬಿಳಿ ಓಕ್. "ಚೇಗು ಕಲ್ಲಿನ ಹಂಗಿದೆ ಕಣೇ. ಕುಟ್ಟೆ ತಿಂದಿರೋದು ಮೇಲ್ಮೈ ಒಂದಿಷ್ಟು, ಅಷ್ಟೇ" ಎಂದರು. ಕುಟ್ಟೆ ಹಿಡಿದಿದ್ದ ಜಾಗಗಳಿಗೆ ಬೋರೇಟ್ ದ್ರಾವಣ ಹಚ್ಚಿದೆವು.

ಅವರು ಹೆಚ್ಚು ಹೊತ್ತು ನಿಂತದ್ದು ನೆಲಮಾಳಿಗೆಯಲ್ಲಿ. ಅಲ್ಲಿ ತಲೆಯ ಮೇಲಿನ ಜಂತೆಗಳ ನಡುವೆ, ಅಕ್ಕಪಕ್ಕ ಒತ್ತಾಗಿ ಜೋಡಿಸಿದ ಕೋಲುಗಳಿದ್ದವು. ಪ್ರತಿ ಕೋಲಿಗೂ ಹುಲ್ಲನ್ನು ಸುತ್ತಿ, ಅದರ ಮೇಲೆ ಜೇಡಿಮಣ್ಣು ಮೆತ್ತಿ, ಜಂತೆಯ ಬದಿಯಲ್ಲಿ ಕೊರೆದ ಕಾಲುವೆಗೆ ತೂರಿಸಿದ್ದರು. ಕೆಳಗಿನ ಚಳಿ ಮೇಲೆ ಬಾರದಂತೆ, ಮೇಲಿನ ಕಾವು ಕೆಳಗಿನ ದಾಸ್ತಾನಿಗೆ ತಾಗದಂತೆ ಮಾಡಿದ ಏರ್ಪಾಡು. ಒಂದು ಕಡೆ ಮಣ್ಣು ಉದುರಿ ಹುಲ್ಲಿನ ಸುತ್ತು ಕಾಣುತ್ತಿತ್ತು. ಅಪ್ಪಯ್ಯ ಅದನ್ನು ಬೆರಳಿನಿಂದ ಸವರಿ, "ಇದು ನಮ್ಮನೆ ಮುಚ್ಚಿಗೆಯೇ" ಎಂದರು. ಮಲೆನಾಡಿನ ಹಳೆಯ ಮನೆಗಳಲ್ಲಿ ತೊಲೆಗಳ ಮೇಲೆ ಹಲಗೆ ಹಾಸಿ, ಮೇಲೆ ಮಣ್ಣು ಹರವುತ್ತಾರೆ. ಕೋಣೆ ತಂಪಾಗಿರುತ್ತದೆ, ಮಾಡಿಗೆ ಬೆಂಕಿ ಬಿದ್ದರೂ ಕೆಳಗಿಳಿಯುವುದು ತಡವಾಗುತ್ತದೆ. ಉದುರಿದ ಜಾಗಕ್ಕೆ ಫೈಬರ್‌ಗ್ಲಾಸ್ ತುಂಬಬೇಕೆಂದಿದ್ದ ನಮ್ಮ ಯೋಚನೆ ಅಲ್ಲಿಗೆ ಮುಗಿಯಿತು. ಹೊಳೆಯ ಅಂಚಿನ ಜೇಡಿಮಣ್ಣು, ಪಕ್ಕದ ಹೊಲದ ಗೋಧಿ ಹುಲ್ಲು, ಅಪ್ಪಯ್ಯನ ಕೈ. ಬಡಗಿ ಹಿರಿಯರು ಬಂದು ನೋಡಿ ತಲೆಯಾಡಿಸಿ ಹೋದರು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಮಧ್ಯಾಹ್ನ ಊಟದ ಹೊತ್ತಿಗೆ ಇಬ್ಬರೂ ಒಂದೇ ಹಲಗೆಯ ಎರಡು ತುದಿ ಹಿಡಿದಿದ್ದರು.

ಸುಣ್ಣದ ಬಗ್ಗೆಯೂ ಅಪ್ಪಯ್ಯನಿಗೆ ಹೇಳಲಿಕ್ಕಿತ್ತು. ನಮ್ಮ ಕಡೆ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ನೀರು ಬೆರೆಸುತ್ತಿದ್ದರು, ದಿನಗಟ್ಟಲೆ ಅರೆಯುತ್ತಿದ್ದರು. ಇಲ್ಲಿನ ಗಾರೆಗೆ ಅದೇನೂ ಇಲ್ಲ, ಸುಣ್ಣ, ಮರಳು, ಕೂದಲು ಅಷ್ಟೇ. ಆದರೆ ಸುಣ್ಣ ನೆನೆಯಲು ಕಾಲ ಬೇಕು ಎಂಬುದು ಎರಡೂ ಕಡೆ ಒಂದೇ.

ಕಾಮರ್ ಕೋಣೆಯ ನೆಲ ಉತ್ತರದ ಗೋಡೆಯತ್ತ ಜಾರಿತ್ತು. ಮಕ್ಕಳು ಗೋಲಿ ಬಿಟ್ಟರೆ ತಾನೇ ಉರುಳಿ ಮೂಲೆಗೆ ಹೋಗುವುದು. ನೆಲದ ಹಲಗೆ ಎತ್ತಿ ನೋಡಿದಾಗ ಕಲ್ಲಿನ ಪಾಯದ ಮೇಲಿನ ಮೊದಲ ದಿಮ್ಮಿ ಕೈಯಲ್ಲಿ ಹಿಡಿದರೆ ಪುಡಿಯಾಗುವಂತಿತ್ತು. ಇನ್ನೂರು ವರ್ಷ ಬಾಳಿದ ಓಕ್ ಹೀಗೆ ಸಾಯಲು ಕಾರಣ ಸಿಮೆಂಟು. ದಿಮ್ಮಿ ಮತ್ತು ದಿಮ್ಮಿಯ ನಡುವಿನ ಸಂದಿಗೆ ಮೊದಲು ಕಲ್ಲು, ಮರದ ಚಕ್ಕೆ ತುರುಕಿ, ಮೇಲೆ ಮಣ್ಣು ಮತ್ತು ಸುಣ್ಣದ ಗಾರೆ ಮೆತ್ತಿದ್ದರು. ಮರ ಮಳೆಗಾಲ ಚಳಿಗಾಲಕ್ಕೆ ತಕ್ಕಂತೆ ಉಬ್ಬಿ ಕುಗ್ಗಿದರೆ ಮೆದುವಾದ ಆ ಗಾರೆಯೂ ಸ್ವಲ್ಪ ಹೊಂದಿಕೊಳ್ಳುತ್ತದೆ, ಒಳಗೆ ಸೇರಿದ ತೇವವನ್ನು ಹೊರಕ್ಕೆ ಬಿಡುತ್ತದೆ. ಇಪ್ಪತ್ತನೇ ಶತಮಾನದಲ್ಲಿ ಯಾರೋ ಗಟ್ಟಿಯಾಗಲಿ ಎಂದು ಸಿಮೆಂಟು ತುಂಬಿಸಿದ್ದಾರೆ. ಸಿಮೆಂಟು ಹೊಂದಿಕೊಳ್ಳುವುದಿಲ್ಲ. ಮರ ಕುಗ್ಗಿದಾಗ ಕೂದಲೆಳೆಯ ಸಂದು ಬಿಡುತ್ತದೆ, ನೀರು ಒಳಗಿಳಿಯುತ್ತದೆ, ಇಳಿದದ್ದು ಹೊರಬರಲು ದಾರಿಯಿಲ್ಲ. ಮೇಲೆ ಅಲ್ಯೂಮಿನಿಯಂ ಹೊದಿಸಿದ ಮೇಲೆ ಕೊಳೆಯುತ್ತಿರುವುದು ಕಣ್ಣಿಗೂ ಬೀಳಲಿಲ್ಲ. ಸಿಮೆಂಟಿನ ಮೇಲೆ ನನಗೆ ದ್ವೇಷವಿಲ್ಲ, ಆದರೆ ಹಳೆಯ ಮರದ ಪಕ್ಕ ಅದನ್ನು ಇಡುವವರನ್ನು ಕಂಡರೆ ಇವತ್ತಿಗೂ ತಡೆದು ಹೇಳುತ್ತೇನೆ. ಇದೇ ಕಾರಣಕ್ಕೆ, ಗೋಡೆಗಳಿಗೆಲ್ಲ ಒಳಗಿನಿಂದ ಫೋಮ್ ಸಿಂಪಡಿಸಿ ಬೆಚ್ಚಗೆ ಮಾಡಿಕೊಡುತ್ತೇನೆ ಎಂದು ಬಂದ ಕಂಟ್ರಾಕ್ಟರೊಬ್ಬರನ್ನು ಬೇಡವೆಂದು ಕಳಿಸಿದೆವು. ಕಾವು ಹೆಚ್ಚು ಸೋರುವುದು ಅಟ್ಟದಿಂದ ಮತ್ತು ಸಂದುಗಳಿಂದ. ಅಟ್ಟಕ್ಕೆ ದಪ್ಪ ಹೊದಿಕೆ ಹಾಸಿ, ಸಂದುಗಳನ್ನು ಸುಣ್ಣದಿಂದ ಮುಚ್ಚಿದ ಮೇಲೆ ಜನವರಿಯ ಚಳಿಯಲ್ಲೂ ಮನೆ ಸಾಕಷ್ಟು ಬೆಚ್ಚಗಿದೆ.

ಕೊಳೆತ ದಿಮ್ಮಿ ತೆಗೆಯಬೇಕಾದರೆ ಅದರ ಮೇಲಿನ ಗೋಡೆಯನ್ನು ಎತ್ತಿ ಹಿಡಿಯಬೇಕು. ಮರದ ತುಂಡುಗಳನ್ನು ಅಡ್ಡಡ್ಡ ಪೇರಿಸಿ, ಅದರ ಮೇಲೆ ಸ್ಕ್ರೂ ಜಾಕ್‌ಗಳನ್ನು ಕೂರಿಸಿ, ಬಡಗಿ ಹಿರಿಯರು ಬೆಳಿಗ್ಗೆ ಬಂದು ಪ್ರತಿಯೊಂದನ್ನೂ ಕಾಲು ಸುತ್ತು ತಿರುಗಿಸಿ, ಮತ್ತೆ ಮುಟ್ಟುತ್ತಿರಲಿಲ್ಲ. ನಾನು ಮಹಡಿಯಲ್ಲಿ ನಿಂತು ಗಿಲಾವಿನಲ್ಲಿ ಹೊಸ ಬಿರುಕು ಬಂತೇ ಎಂದು ನೋಡಬೇಕು. ಮರ ನರಳುವ ಸದ್ದು ಕೇಳಿದರೆ ಕೂಗಿ ಹೇಳಬೇಕು. ಅಷ್ಟಷ್ಟೇ ಎತ್ತಿದ್ದರಿಂದ ಸ್ಟೂಬದ ಗೋಡೆಗೆ ಏನೂ ಆಗಲಿಲ್ಲ. ಬದಲಿಗೆ ತಂದದ್ದು ಕೆಡವಿದ ಹಳೆಯ ಕೊಟ್ಟಿಗೆಯೊಂದರ ಓಕ್ ತೊಲೆ. ಹಸಿ ಮರ ಒಣಗುವಾಗ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಸಿ ದಿಮ್ಮಿ ಇಟ್ಟಿದ್ದರೆ ಮುಂದಿನ ಚಳಿಗಾಲಕ್ಕೆ ಗೋಡೆ ಮತ್ತೆ ಕುಸಿಯುತ್ತಿತ್ತು. ಮೂಲೆಯಲ್ಲಿ ಪಾರಿವಾಳದ ಬಾಲದ ಆಕಾರದ ಕಚ್ಚನ್ನು ಹಳೆಯದನ್ನೇ ನೋಡಿಕೊಂಡು ಕೊಡಲಿ ಉಳಿಗಳಿಂದಲೇ ಕಡಿದರು. ಕಚ್ಚಿನ ಮೈ ಹೊರಕ್ಕೆ ಇಳಿಜಾರು, ನೀರು ನಿಲ್ಲದೆ ಜಾರಲೆಂದು.

ವೈರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿಮ್ಮಿಯ ಗೋಡೆಯಲ್ಲಿ ತಂತಿ ಎಳೆಯಲು ಟೊಳ್ಳಿಲ್ಲ. ಸ್ಕರ್ಟಿಂಗ್ ಹಲಗೆಯ ಹಿಂದೆ, ಬಾಗಿಲ ಚೌಕಟ್ಟಿನ ಹಿಂದೆ, ನೆಲದಡಿಯಿಂದ ಎಳೆಸಿದೆವು. ನೀರಿನ ಕೊಳಾಯಿ, ಬಚ್ಚಲು ಎಲ್ಲ ಹಿಂಬದಿಯ ಹೊಸ ಭಾಗದಲ್ಲೇ. ಒಲೆಯೂ ಅಲ್ಲೇ. ಮೂಲ ಅಡುಗೆಮನೆಯಲ್ಲೇ ಅಡುಗೆ ಮಾಡಬೇಕೆಂದು ನನಗೆ ಬಹಳ ಆಸೆಯಿತ್ತು. ಆದರೆ ಒಗ್ಗರಣೆಯ ಹೊಗೆ ಹೊರಹೋಗಲು ಯಂತ್ರ ಬೇಕು, ಯಂತ್ರಕ್ಕೆ ಗೋಡೆಯಲ್ಲಿ ತೂತು ಬೇಕು, ಆ ದಿಮ್ಮಿಗೆ ತೂತು ಕೊರೆಯಲು ನನಗೆ ಮನಸ್ಸಾಗಲಿಲ್ಲ. ಈಗ ಅದು ನಮ್ಮ ಊಟದ ಕೋಣೆ. ಗೋಡೆಗೆ ಕಪಾಟು ಹೊಡೆಸಿಲ್ಲ, ಬಿಡಿ ಬೀರುಗಳೇ ನಿಂತಿವೆ.

ಮಹಡಿಯಲ್ಲಿ ಕೋಣೆ ಕೋಣೆಯ ನಡುವೆ ಅಗಲ ಹಲಗೆಯ ಅಡ್ಡಗೋಡೆಗಳಿವೆ. ಚೆಸ್ಟ್‌ನಟ್ ಮರ. ಒಂದು ಕಾಲಕ್ಕೆ ಈ ಬೆಟ್ಟಗಳ ತುಂಬ ಇದ್ದ ಮರ ಅದು. 1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಒಂದು ಶಿಲೀಂಧ್ರ ರೋಗ ಕಂಡುಬಂತು. ಐವತ್ತು ವರ್ಷದೊಳಗೆ ನೂರಾರು ಕೋಟಿ ಮರಗಳು ಒಣಗಿಹೋದವು. ಈಗ ಆ ಹಲಗೆ ಬೇಕೆಂದರೆ ಹಳೆಯ ಕಟ್ಟಡ ಕೆಡವಿದಾಗ ಮಾತ್ರ. ಅಡ್ಡಗೋಡೆಗಳನ್ನು ತೆಗೆದರೆ ದೊಡ್ಡ ಮಲಗುವ ಕೋಣೆ ಆಗುತ್ತಿತ್ತು, ಎಲ್ಲರೂ ಹಾಗೇ ಮಾಡಿ ಎಂದರು. ಒಂದು ಹಲಗೆಯನ್ನೂ ಅಲುಗಿಸಲಿಲ್ಲ. ಅವುಗಳ ಸಂದಿಗೆ ಅಂಟಿಸಿದ್ದ ಜರ್ಮನ್ ಪತ್ರಿಕೆಯ ಚೂರುಗಳೂ ಹಾಗೇ ಇವೆ. ಮಾಡಿನ ಪಕ್ಕಾಸುಗಳ ಕಚ್ಚಿನಲ್ಲಿ ಬಡಗಿ ಉಳಿಯಿಂದ ಕೊರೆದ ಗೀಟುಗಳಿವೆ. ನಾಲ್ಕು ಗೀಟಿನದಕ್ಕೆ ನಾಲ್ಕು ಗೀಟಿನದೇ ಜೋಡಿ. ನೆಲದ ಮೇಲೆ ಜೋಡಿಸಿ ನೋಡಿ, ಬಿಚ್ಚಿ, ಮೇಲೇರಿಸಿ ಕೂಡಿಸಿದ್ದರ ಗುರುತು.

ಕಾಮರ್ ಕೋಣೆಯೊಂದು ಇನ್ನೂ ಉಳಿದಿದೆ. ಅಲ್ಲಿ ರೀಪಿನ ಹಿಂದೆ ಸುಣ್ಣ ಇದೆ, ಆದರೆ ಒಂದೇ ಪದರ. ಒಮ್ಮೆ ಸುಣ್ಣ ಬಳಿದು ಒಂದೋ ಎರಡೋ ವರ್ಷದಲ್ಲಿ ಗಿಲಾವು ಹಾಕಿಸಿದ್ದಾರೆ ಎಂದು ಕಾಣುತ್ತದೆ. ದಿಮ್ಮಿ ಬಿಡೋಣ ಎಂದರು ನಮ್ಮನೆಯವರು. ಅಲ್ಲಿ ಮಲಗಿದವರು ಅಷ್ಟು ಬೇಗ ಗಿಲಾವು ಬೇಕೆಂದರೆ ಅವರಿಗೆ ಚಳಿ ತಡೆಯಲಾಗಿರಲಿಕ್ಕಿಲ್ಲ, ಅವರ ಇಷ್ಟವೇ ಇರಲಿ ಎಂದೆ ನಾನು. ಬಡಗಿ ಹಿರಿಯರು ಈಗ ಕೆಲಸಕ್ಕೆ ಬರುವುದಿಲ್ಲ. ಮಗ ಬಂದು ನೋಡಿ, ಮೇ ತಿಂಗಳಲ್ಲಿ ಗಿಲಾವು ಹಾಕಿಕೊಡುತ್ತೇನೆ 	ಎಂದಿದ್ದಾರೆ. ಓಕ್ ರೀಪುಗಳನ್ನು ಸೀಳಿ ಒಣಗಲು ಇಟ್ಟಾಗಿದೆ, ಸುಣ್ಣ ನೆಲಮಾಳಿಗೆಯ ಪೀಪಾಯಿಯಲ್ಲಿ ನೆನೆಯುತ್ತಿದೆ. ಒಂದು ಗೇಣಗಲದ ಜಾಗವನ್ನಾದರೂ ಗಾಜು ಹಾಕಿ ದಿಮ್ಮಿ ಕಾಣುವಂತೆ ಬಿಡಬೇಕೆಂದು ನಮ್ಮ ಮಗ ಹಟ ಹಿಡಿದಿದ್ದಾನೆ. ನಾನು ಇನ್ನೂ ಒಪ್ಪಿಲ್ಲ.